ಕಂಠದಾನ

ಕನ್ನಡದಲ್ಲಿ ‘ಕಂಠದಾನ’ ಎಂಬುದೊಂದು ಮಾತಿದೆ. ತೆರೆಯ ಮೇಲೆ ಒಬ್ಬರು ತುಟಿ ಅಲುಗಿಸುತ್ತಾರೆ. ಇನ್ನೊಬ್ಬರು ಕತ್ತಲ ಕೋಣೆಯೊಂದರಲ್ಲಿ ನಿಂತು ಆ ತುಟಿಗೆ ಮಾತು ತುಂಬುತ್ತಾರೆ. ಆ ಕೆಲಸಕ್ಕೆ ನಾವಿಟ್ಟ ಹೆಸರು ಇದು. ಅನ್ನದಾನ, ಗೋದಾನ, ವಿದ್ಯಾದಾನಗಳ ಸಾಲಿಗೆ ಇದನ್ನು ಸೇರಿಸಿದ ಪುಣ್ಯಾತ್ಮರು ಯಾರೋ, ಅವರ ಮನಸ್ಸಿನಲ್ಲಿ ಗೌರವವೇ ಇದ್ದಿರಬೇಕು. ಆದರೆ ದಾನವೆಂದಮೇಲೆ ಕೊಟ್ಟವರು ತಮ್ಮ ಹೆಸರನ್ನು ಸಾರಿಕೊಳ್ಳುವಂತಿಲ್ಲ. ಕೂಲಿಯ ಮಾತನ್ನಂತೂ ಎತ್ತುವಂತಿಲ್ಲ. ಈ ಒಂದು ಪದ ಎಷ್ಟು ಜನ ಕಲಾವಿದರನ್ನು ಪರದೆಯ ಹಿಂದೆಯೇ ನಿಲ್ಲಿಸಿಬಿಟ್ಟಿತು ಎಂಬ ಯೋಚನೆ ನನ್ನನ್ನು ಬಹುಕಾಲದಿಂದ ಕಾಡಿದೆ.

ಹಾಡುವ ಕಂಠದ ವಿಷಯದಲ್ಲಿ ನಾವು ಹೀಗೆ ನಡೆದುಕೊಂಡಿಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲ್ ಅವರು ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ನಮ್ಮ ಚಿತ್ರದುರ್ಗದ ಕೋಟೆಯಲ್ಲಿ ‘ನಾಗರಹಾವು’ ಚಿತ್ರವನ್ನು ತೆಗೆದರು. ಒನಕೆ ಓಬವ್ವನನ್ನು ಕುರಿತ ಅದರ ಹಾಡನ್ನು ಹಾಡಿದವರು ಪಿ.ಬಿ. ಶ್ರೀನಿವಾಸ್ ಎಂಬುದನ್ನು ದುರ್ಗದ ಯಾವ ಹೋಟೆಲಿನ ಮಾಣಿಯೂ ಹೇಳಬಲ್ಲವನಾಗಿದ್ದ. ಧ್ವನಿಮುದ್ರಿಕೆಯ ಮೇಲೆ ಹೆಸರು ಅಚ್ಚಾಗುತ್ತಿತ್ತು. ರೇಡಿಯೋದಲ್ಲಿ ಪ್ರತಿ ಹಾಡಿಗೂ ಮೊದಲು ಅದನ್ನು ಹೇಳುತ್ತಿದ್ದರು. 1967ನೇ ಸಾಲಿನಿಂದ ಹಿನ್ನೆಲೆ ಗಾಯಕರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಹಾಡುವ ಕಂಠ ಎರವಲಿನದೆಂದು ಎಲ್ಲರಿಗೂ ಗೊತ್ತು, ಅದರಿಂದ ನಟನ ಗೌರವಕ್ಕೇನೂ ಕುಂದಿಲ್ಲ. ಮಾತಾಡುವ ಕಂಠ ಎರವಲಿನದೆಂದು ಮಾತ್ರ ಹೊರಗೆ ಹೇಳಬಾರದು! ಈ ವಿಚಿತ್ರ ಮರ್ಯಾದೆಯ ಹಿಂದಿನ ಇತಿಹಾಸವನ್ನು ಒಬ್ಬ ಕಲಾವಿದೆಯ ಬದುಕಿನ ಮೂಲಕ ನೋಡಬಹುದೆಂದು ನನಗೆ ತೋರಿದೆ. ಆಕೆ ಬಿ. ಜಯಶ್ರೀ. ಅವರ ಮಾತಿಗೆ ಬರುವ ಮೊದಲು ನಮ್ಮ ಸೀಮೆಯ ಕೇಳ್ಮೆಯ ಪರಂಪರೆಯನ್ನು ತುಸು ನೆನೆಯಬೇಕು.

ಹಿರಿಯೂರು, ಚಳ್ಳಕೆರೆಗಳ ಬಯಲಿನ ಗೊಲ್ಲರಹಟ್ಟಿಗಳಲ್ಲಿ ಜುಂಜಪ್ಪನ ಕಥೆಯನ್ನು ರಾತ್ರಿ ಹಾಡುತ್ತಾರೆ. ಆಳುದ್ದದ ಬಿದಿರಿನ ಕೊಳಲು, ಅದಕ್ಕೆ ಗಣೆ ಎಂದು ಹೆಸರು. ಅದನ್ನು ಊದುತ್ತ, ನಡುನಡುವೆ ನಿಲ್ಲಿಸಿ ಹಾಡುತ್ತ, ಹಾಡುಗಾರನೇ ಜುಂಜಪ್ಪನಾಗುತ್ತಾನೆ, ಅವನ ಹಗೆಗಳೂ ಆಗುತ್ತಾನೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬಾರದು. ಆದರೆ ಸಾವಿರಾರು ಪದಗಳು ಆಕೆಯ ನಾಲಗೆಯ ಮೇಲಿದ್ದವು. ಈ ಹಾಡುಗಾರರು ನಾಲ್ಕು ಜನರ ಕಂಠವನ್ನು ಆಡಿದರೂ ಕೇಳುವವರಿಗೆ ಇಂಥವರ ಮನೆಯವರು, ಇಂಥವರ ಮಗಳು ಎಂಬುದು ತಿಳಿದೇ ಇರುತ್ತಿತ್ತು. ಹೊಳಲ್ಕೆರೆಯ ಕಡೆ ನಾನು ಹುಡುಗನಾಗಿದ್ದಾಗ ಶ್ರಾವಣದಲ್ಲಿ ಕುಮಾರವ್ಯಾಸ ಭಾರತದ ವಾಚನ ನಡೆಯುತ್ತಿತ್ತು. ಗಮಕಿ ಒಂದು ಷಟ್ಪದಿಯನ್ನು ಓದುವನು, ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಅರ್ಥ ಬಿಡಿಸುವರು. ದ್ರೌಪದಿಯ ಮಾತಿಗೊಂದು ರಾಗ, ದುರ್ಯೋಧನನ ಮಾತಿಗೊಂದು ರಾಗ. ಪದವನ್ನು ಒಡೆಯುವಲ್ಲಿ ಅರ್ಥಕ್ಕೆ ಮೊದಲ ಮಣೆ, ಸಂಗೀತಕ್ಕೆ ಆಮೇಲೆ. ಇಂದು ಧ್ವನಿಪುಸ್ತಕ ಎಂದು ಹೊಸದಾಗಿ ಕರೆಯುವ ವಸ್ತು ನಮ್ಮ ಊರಿನ ದೇವಸ್ಥಾನದ ಪಡಸಾಲೆಯಲ್ಲಿ ಆಗಲೇ ಇತ್ತು. ಓದುವವರು ನಮ್ಮೆದುರಿಗೇ ಇದ್ದರು, ಕೊನೆಯ ದಿನ ಅವರಿಗೊಂದು ಶಾಲು ಹೊದಿಸುತ್ತಿದ್ದೆವು. ಅಷ್ಟೇ ವ್ಯತ್ಯಾಸ.

ಇದರ ಮಗ್ಗುಲಲ್ಲೇ ಕಂಪನಿ ನಾಟಕ ಬೆಳೆದಿತ್ತು. ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದುದರಿಂದ, ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ನಾವು ನಮ್ಮದೇ ಎಂದು ಹೇಳಿಕೊಳ್ಳುತ್ತಿದ್ದೆವು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ‘ತಿರುಕ’ ಎಂಬ ಹೆಸರಿನಿಂದ ಬರೆಯುತ್ತಿದ್ದ ರಾಘವೇಂದ್ರ ಸ್ವಾಮಿಗಳು ಯೋಗದ ಜೊತೆಗೆ ನಾಟಕವನ್ನೂ ಹುಡುಗರಿಗೆ ಕಲಿಸಿದರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ‘ಶಿವಸಂಚಾರ’ ತಂಡ ಇದೇ ಬಳ್ಳಿಯ ಈಚಿನ ಕುಡಿ. ಕಂಪನಿಗಳು ಜಾತ್ರೆಗಳ ಜಾಡು ಹಿಡಿದು ಊರೂರು ಸುತ್ತುತ್ತಿದ್ದ ಕಾಲದಲ್ಲಿ ನಟನಿಗೆ ಮೊದಲ ಪರೀಕ್ಷೆ ಕಂಠದ್ದು. ಹೊರಗೆ ಜಾತ್ರೆಯ ಗದ್ದಲ, ಒಳಗೆ ನೆಲದ ಮೇಲೆ ಕೊನೆಯವರೆಗೂ ಕುಳಿತ ಜನ, ಧ್ವನಿವರ್ಧಕವಿಲ್ಲ. ಪಿಸುಮಾತು ಕೂಡ ಕಟ್ಟಕಡೆಯ ಪ್ರೇಕ್ಷಕನಿಗೆ ಮುಟ್ಟಬೇಕು, ಮುಟ್ಟಿದರೂ ಅದು ಪಿಸುಮಾತಾಗಿಯೇ ಉಳಿಯಬೇಕು. ಈ ವಿದ್ಯೆಯನ್ನು ಯಾವ ಪುಸ್ತಕವೂ ಕಲಿಸದು.

ಕಂಪನಿಗಳಲ್ಲಿ ಹಿರಿದಾದದ್ದು 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ. ಅದನ್ನು ಮಹಾಸಂಸ್ಥೆಯಾಗಿ ಬೆಳೆಸಿದವರು ಗುಬ್ಬಿ ವೀರಣ್ಣನವರು. ಅವರ ಮಗಳು ಜಿ.ವಿ. ಮಾಲತಮ್ಮ, ಮಾಲತಮ್ಮ ಮತ್ತು ಬಸವರಾಜ್ ದಂಪತಿಗಳ ಮಗಳು ಜಯಶ್ರೀ, ಹುಟ್ಟಿದ್ದು 1950ರಲ್ಲಿ. ಬಣ್ಣದ ಪೆಟ್ಟಿಗೆಯ ಪಕ್ಕದಲ್ಲೇ ಬೆಳೆದ ಕೂಸು ಬಾಲ್ಯದಲ್ಲೇ ರಂಗವನ್ನೇರಿತು. ಹಾರ್ಮೋನಿಯಂ ಶ್ರುತಿ, ಕಂದ, ಸೀಸಪದ್ಯ, ಹಾಸ್ಯಗಾರನ ಚುರುಕು, ರಾಣಿಯ ಗತ್ತು, ಇವೆಲ್ಲ ಆ ಕಿವಿಗೆ ಪಾಠವೆಂದು ಬಿದ್ದವಲ್ಲ, ಮನೆಮಾತಾಗಿ ಬಿದ್ದವು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ; 1973ರಲ್ಲಿ ಪದವಿ. ಅಜ್ಜನ ಕಂಪನಿ ಕೊಟ್ಟ ಎದೆಯ ಧ್ವನಿಗೆ ಶಾಲೆಯ ಶಿಸ್ತು ಕೂಡಿತು. ಎರಡನ್ನೂ ಪಡೆದವರು ಕನ್ನಡದಲ್ಲಿ ವಿರಳ. ಒಂದನ್ನು ಕಲಿತವರು ಇನ್ನೊಂದನ್ನು ಹಳಿಯುವುದೇ ಹೆಚ್ಚು.

ಇಷ್ಟರಲ್ಲಿ ಕನ್ನಡದ ಕಂಠಕ್ಕೆ ಬೇರೆ ಎರಡು ಬಾಗಿಲುಗಳು ತೆರೆದಿದ್ದವು. ಒಂದು ರೇಡಿಯೋ. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. 1955ರಲ್ಲಿ ಬೆಂಗಳೂರು ನಿಲಯ, 1965ರಲ್ಲಿ ಭದ್ರಾವತಿ ನಿಲಯ ಬಂದವು. ನಮ್ಮ ದುರ್ಗಕ್ಕೇ ಒಂದು ನಿಲಯ ದೊರೆತದ್ದು 1990ರ ದಶಕದಲ್ಲಿ. ರೇಡಿಯೋ ನಾಟಕದ ನಟ ಕೈಯಲ್ಲಿ ಹಸ್ತಪ್ರತಿ ಹಿಡಿದು, ಹಾಳೆ ಸದ್ದಾಗದಂತೆ ಮಗುಚುತ್ತ, ದೂರದಿಂದ ಬರುವ ಪಾತ್ರವಾದರೆ ಮೈಕಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ಮಾತಾಡಬೇಕು. ಕುದುರೆಯ ಖುರಪುಟಕ್ಕೆ ತೆಂಗಿನ ಚಿಪ್ಪು. ಕೇಳುಗನ ಕಣ್ಣಿಗೆ ಏನೂ ಕಾಣದಿದ್ದರೂ ನಾಟಕದ ಕೊನೆಯಲ್ಲಿ ಪಾತ್ರಧಾರಿಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದರೆಂಬುದನ್ನು ಗಮನಿಸಬೇಕು. ಆ ಹೆಸರುಗಳಿಗಾಗಿಯೇ ನಾವು ಕಾಯುತ್ತಿದ್ದುದೂ ಉಂಟು.

ಇನ್ನೊಂದು ಬಾಗಿಲು ಚಲನಚಿತ್ರದ್ದು; ಅಲ್ಲಿಯ ಕಥೆ ಹೆಚ್ಚು ಜಟಿಲ. 1960ರ ದಶಕದಲ್ಲಿ ಅ.ನ. ಕೃಷ್ಣರಾಯರು, ಮ. ರಾಮಮೂರ್ತಿಯವರು ಮೊದಲಾದವರು ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದನ್ನು ವಿರೋಧಿಸಿ ಹೋರಾಡಿದರು. ಕನ್ನಡದ ಕಲಾವಿದರಿಗೆ ಕೆಲಸ ಸಿಗಲಿ, ಇಲ್ಲಿಯೇ ಚಿತ್ರಗಳಾಗಲಿ ಎಂಬುದು ಅವರ ಹಂಬಲ. ಆ ದಶಕ ಮುಗಿಯುವ ಮೊದಲೇ ಡಬ್ಬಿಂಗ್ ಚಿತ್ರಗಳು ನಿಂತವು. ಅರ್ಧ ಶತಮಾನ ಹಾಗೆಯೇ ನಡೆಯಿತು. ಹೋರಾಟ ನ್ಯಾಯವಾದದ್ದೆಂದೇ ನಾನು ತಿಳಿದಿದ್ದೇನೆ. ಅದಿಲ್ಲದೆ ಕನ್ನಡ ಚಿತ್ರರಂಗ ಕಾಲೂರುವುದು ಕಷ್ಟವಿತ್ತು. ಆದರೆ ಅದಕ್ಕೊಂದು ನೆರಳೂ ಇತ್ತು. ನೆರೆಯ ಭಾಷೆಗಳಲ್ಲಿ ಧ್ವನಿನಟನೆ ಒಂದು ವೃತ್ತಿಯಾಗಿ, ಸಂಘವಾಗಿ ಬೆಳೆದಾಗ, ನಮ್ಮಲ್ಲಿ ‘ಡಬ್ಬಿಂಗ್’ ಎಂಬ ಮಾತೇ ಬೈಗುಳದಂತಾಯಿತು. ಹೀಗಿದ್ದೂ ಕಂಠದಾನ ನಿಲ್ಲಲಿಲ್ಲ! ಏಕೆಂದರೆ ಕನ್ನಡದಲ್ಲೇ ತಯಾರಾದ ಚಿತ್ರಗಳ ನಾಯಕಿಯರು ಎಷ್ಟೋ ಸಲ ಆಂಧ್ರದಿಂದ, ತಮಿಳುನಾಡಿನಿಂದ, ಕೇರಳದಿಂದ ಬಂದವರು. ಅವರ ಬಾಯಲ್ಲಿ ಕನ್ನಡವನ್ನು ಯಾರಾದರೂ ಆಡಲೇಬೇಕಿತ್ತು. ಹೊರಗೆ ನಿಷಿದ್ಧವಾದ ಮಾತು, ಒಳಗೆ ಅನಿವಾರ್ಯವಾದ ಕೆಲಸ. ಸದ್ದಿಲ್ಲದೆ ನಡೆಯುವುದಕ್ಕೆ ಇನ್ನೇನು ಬೇಕು?

ಆ ಕೆಲಸದಲ್ಲಿ ಜಯಶ್ರೀಯವರದು ದೊಡ್ಡ ಪಾಲು. ಜಯಪ್ರದಾ, ಮಾಧವಿ, ಅಂಬಿಕಾ, ಸುಮಲತಾ, ಜಯಚಿತ್ರಾ, ಗಾಯತ್ರಿ, ಅಮೃತಾ ಮೊದಲಾದವರಿಗೆ ಕನ್ನಡದಲ್ಲಿ ಮಾತು ಕೊಟ್ಟವರು ಅವರು. ಈ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಓದಿ. ಒಬ್ಬೊಬ್ಬರದು ಒಂದೊಂದು ಮುಖ, ಒಂದೊಂದು ವಯಸ್ಸು, ಒಂದೊಂದು ನಿಲುವು. ಹೊಳಲ್ಕೆರೆಯ ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕುಳಿತು ಕಣ್ಣೊರೆಸಿಕೊಂಡ ಹೆಂಗಸರಿಗೆ, ಇವರೆಲ್ಲರ ಅಳು ಒಂದೇ ಎದೆಯಿಂದ ಹೊರಟದ್ದೆಂದು ಯಾರು ಹೇಳಬೇಕು?

ಆ ಕೆಲಸದ ಬಗೆಯನ್ನೂ ಹೇಳಿಬಿಡುತ್ತೇನೆ. ಹಿಂದೆ ಚಿತ್ರದ ಸುರುಳಿಯನ್ನು ಚಿಕ್ಕಚಿಕ್ಕ ತುಂಡುಗಳಾಗಿ ಕತ್ತರಿಸಿ, ತುದಿಗೆ ತುದಿ ಅಂಟಿಸಿ, ಒಂದೇ ದೃಶ್ಯ ಮತ್ತೆ ಮತ್ತೆ ತಿರುಗುವಂತೆ ಮಾಡುತ್ತಿದ್ದರು. ಕಲಾವಿದೆ ತೆರೆಯ ಮೇಲಿನ ತುಟಿಯನ್ನೇ ನೋಡುತ್ತ ನಿಂತಿರಬೇಕು. ವ್ಯಾಕರಣದಲ್ಲಿ ಓಷ್ಠ್ಯಗಳೆಂದು ನಾವು ಓದಿದ ಪ, ಬ, ಮ ಅಕ್ಷರಗಳಿವೆಯಲ್ಲ, ಅವುಗಳೇ ಇಲ್ಲಿಯ ಕಂಟಕ. ನಟಿಯ ತುಟಿ ಕೂಡಿದಾಗ ಇಲ್ಲಿಯೂ ಕೂಡಬೇಕು, ತೆರೆದಾಗ ತೆರೆಯಬೇಕು. ಉಸಿರು, ನಗು, ಬಿಕ್ಕು ಎಲ್ಲವೂ ಇನ್ನೊಬ್ಬಳ ಮೈಯ ಲೆಕ್ಕದಲ್ಲಿ ಬರಬೇಕು. ಜೊತೆಯ ಪಾತ್ರಕ್ಕೆ ಮಾತಾಡುವವರು ಪಕ್ಕದಲ್ಲೇ ನಿಂತಿರುತ್ತಿದ್ದರು. ಒಬ್ಬರು ತಡವರಿಸಿದರೆ ಎಲ್ಲರೂ ಮತ್ತೆ ಮೊದಲಿನಿಂದ. ರಂಗದ ಮೇಲೆ ಪಾತ್ರವನ್ನು ತನ್ನ ಮೈಗೆ ಆವಾಹಿಸಿಕೊಳ್ಳಬಹುದು. ಇಲ್ಲಿ ತನ್ನ ಮೈಯನ್ನು ಮರೆತು ಇನ್ನೊಬ್ಬರ ಮೈಯೊಳಗೆ ಹೋಗಬೇಕು. ಪರಕಾಯ ಪ್ರವೇಶ ಎಂದು ಪುರಾಣದವರು ಹೇಳಿದ್ದು ಇದನ್ನೇ ಇರಬೇಕು.

ಇದೇ ಕಾಲದಲ್ಲಿ ಜಯಶ್ರೀಯವರು 1976ರಲ್ಲಿ ‘ಸ್ಪಂದನ’ ಎಂಬ ತಮ್ಮ ರಂಗತಂಡವನ್ನು ಕಟ್ಟಿದ್ದರು. ‘ಲಕ್ಷಾಪತಿ ರಾಜನ ಕಥೆ’, ಚಂದ್ರಶೇಖರ ಕಂಬಾರರ ಕಾದಂಬರಿಯಿಂದ ರೂಪುಗೊಂಡ ‘ಕರಿಮಾಯಿ’, ಇವು ಆ ತಂಡದ ಪ್ರಸಿದ್ಧ ಪ್ರಯೋಗಗಳು. ನಾಟಕ ತಂಡ ಕಟ್ಟಿದವರ ಮನೆಯಲ್ಲಿ ಒಲೆ ಉರಿಯಲು ಬೇರೆ ಕಟ್ಟಿಗೆ ಬೇಕಾಗುತ್ತದೆ. ಕತ್ತಲ ಕೋಣೆಯ ಕೆಲಸ ಎಷ್ಟೋ ಕಲಾವಿದರಿಗೆ ಆ ಕಟ್ಟಿಗೆಯಾಗಿದ್ದಿರಬೇಕೆಂದು ನನ್ನ ಊಹೆ. ನಾನು ‘ಕರಿಮಾಯಿ’ಯನ್ನು ಬೆಂಗಳೂರಿನಲ್ಲಿ ನೋಡಿದೆ. ಬೆಳಗಾವಿ ಸೀಮೆಯ ಕನ್ನಡ, ನೆಲದಿಂದ ಎದ್ದುಬಂದಂಥ ಹಾಡು, ಸಿಡಿಲಿನಂಥ ಕಂಠ. ಆ ಕಂಠ ನನಗೆ ಹೊಸದಲ್ಲವೆಂದು ಅನ್ನಿಸಿತು, ಎಲ್ಲಿ ಕೇಳಿದ್ದೆಂದು ಮಾತ್ರ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ಗೆಳೆಯರು ಚಿತ್ರಗಳ ಹೆಸರು ಹೇಳಿದಾಗ ನಂಬುವುದು ಕಷ್ಟವಾಯಿತು. ತೆರೆಯ ಮೇಲೆ ಕೇಳಿದ್ದು ತಿದ್ದಿ ತೀಡಿದ, ಯಾವ ಊರಿನದೂ ಅಲ್ಲದ, ಸ್ಟುಡಿಯೋದಲ್ಲಿ ಮಾತ್ರ ಬದುಕಿರುವ ಕನ್ನಡ. ಆ ನಾಯಕಿ ಹಿರಿಯೂರಿನ ರೈತನ ಮಗಳಾದರೂ ಅದನ್ನೇ ಆಡುವಳು, ಮಡಿಕೇರಿಯ ತೋಟದ ಒಡತಿಯಾದರೂ ಅದನ್ನೇ. ಇಷ್ಟು ಬಗೆಯ ಕನ್ನಡ ಬಲ್ಲ ಕಂಠದಿಂದ ಚಿತ್ರರಂಗ ಒಂದೇ ಬಗೆಯದನ್ನು ಬೇಡಿತು. ನನಗಂತೂ ಹೆಸರು ಮರೆಯಾದದ್ದಕ್ಕಿಂತ ಇದು ದೊಡ್ಡ ನಷ್ಟವೆಂದು ತೋರುತ್ತದೆ.

ಜಯಶ್ರೀಯವರಿಗೆ ಆಮೇಲೆ ಮನ್ನಣೆ ಬರದೆ ಇರಲಿಲ್ಲ. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆಗೆ ನಾಮಕರಣ, 2013ರಲ್ಲಿ ಪದ್ಮಶ್ರೀ. ಮೈಸೂರಿನ ರಂಗಾಯಣದ ನಿರ್ದೇಶಕಿಯಾಗಿಯೂ ಇದ್ದರು. ಇವೆಲ್ಲ ರಂಗಭೂಮಿಯ ಜಯಶ್ರೀಗೆ ಸಂದವು. ರಂಗಭೂಮಿ ಇಲ್ಲದೆ ಬರಿಯ ಕಂಠವನ್ನೇ ನಂಬಿ ಬಾಳಿದವರ ಹೆಸರು ಹೇಳಲು ಹೊರಟರೆ ನನ್ನ ನಾಲಗೆ ತಡೆಯುತ್ತದೆ, ನಿಮ್ಮದೂ ತಡೆಯುತ್ತದೆ.

ಮಾತಿನ ಕಂಠಕ್ಕೆ ಹೆಸರು ಮರಳಿದ್ದು ಅನಿರೀಕ್ಷಿತವಾದ ಕಡೆಯಿಂದ. 1980ರ ದಶಕದಲ್ಲಿ ಕ್ಯಾಸೆಟ್ಟುಗಳು ಹಳ್ಳಿಹಳ್ಳಿಗೂ ಬಂದಾಗ ಗುರುರಾಜುಲು ನಾಯ್ಡು ಅವರ ಹರಿಕಥೆ, ಮಾಸ್ಟರ್ ಹಿರಣ್ಣಯ್ಯನವರ ನಾಟಕ ಹೊಸದುರ್ಗದ ಸಂತೆಯಲ್ಲೂ ಮಾರಾಟವಾದವು. ಹೊದಿಕೆಯ ಮೇಲೆ ದೊಡ್ಡಕ್ಷರದಲ್ಲಿ ಇದ್ದದ್ದು ಮಾತಾಡಿದವರ ಹೆಸರೇ. ಕೊಳ್ಳುವವರು ಕೇಳುತ್ತಿದ್ದುದೂ ಅದನ್ನೇ. ಮುಂದೆ 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯ ವಿರುದ್ಧ ತೀರ್ಪು ಕೊಟ್ಟಿತು, 2017ರಿಂದ ಡಬ್ಬಿಂಗ್ ಚಿತ್ರಗಳು ಮತ್ತೆ ಬರತೊಡಗಿದವು. ಧ್ವನಿಪುಸ್ತಕಗಳೂ ಬಂದಿವೆ. ಅವುಗಳಲ್ಲಿ ಬರೆದವರ ಹೆಸರಿನ ಬೆನ್ನಿಗೇ ಓದಿದವರ ಹೆಸರನ್ನೂ ಹೇಳುವ ಪದ್ಧತಿ ಇದೆ. ಕೇಳಿ ನನಗೆ ಹಳೆಯ ರೇಡಿಯೋ ನಾಟಕಗಳ ಕೊನೆಯ ನಿಮಿಷ ನೆನಪಾಯಿತು.

ಒಂದೇ ಒಂದು ಕಷ್ಟದ ಮಾತು ಉಳಿದಿದೆ. ತ.ರಾ.ಸು. ಅವರ ‘ದುರ್ಗಾಸ್ತಮಾನ’ 1982ರಲ್ಲಿ ಅಚ್ಚಾಯಿತು. ಅವರು ತೀರಿಕೊಂಡ ಮರುವರ್ಷ, 1985ರಲ್ಲಿ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅದನ್ನು ಆದಿಯಿಂದ ಅಂತ್ಯದವರೆಗೆ ಗಟ್ಟಿಯಾಗಿ ಓದುವವರು ಮದಕರಿನಾಯಕನಾಗಬೇಕು, ರಾಜಮಾತೆಯಾಗಬೇಕು, ಮಠದ ಗುರುಗಳಾಗಬೇಕು, ಬೇಡರ ಪಡೆಯ ಕಾಲಾಳಾಗಬೇಕು. ಲೇಖಕರ ಸಂಸ್ಕೃತಭೂಯಿಷ್ಠವಾದ ವರ್ಣನೆಗೆ ಒಂದು ಉಸಿರು, ಕೋಟೆಯ ಕಾವಲುಗಾರನ ಮಾತಿಗೆ ಇನ್ನೊಂದು. ಆ ಕಾವಲುಗಾರನ ಬಾಯಲ್ಲಿ ಸ್ಟುಡಿಯೋದ ಕನ್ನಡ ಬರುವುದೋ, ದುರ್ಗದ ಕನ್ನಡ ಬರುವುದೋ ಎಂದು ನಾನು ಕಿವಿಗೊಟ್ಟು ಕುಳಿತಿದ್ದೇನೆ.