ಕಲ್ಲಂಗಡಿ, ಗೋವಿನಜೋಳ ಮತ್ತು ಸುಗ್ಗಿಯ ದಿನದ ಹಕ್ಕು

ಬೇಸಿಗೆ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸಂತೆಗಳಲ್ಲಿ ಕಲ್ಲಂಗಡಿಯ ರಾಶಿ ಬೀಳುತ್ತದೆ. ಕೆಂಡದ ಮೇಲೆ ಗೋವಿನಜೋಳದ ತೆನೆ ಸುಡುವ ಪರಿಮಳವೂ ಜತೆಗಿರುತ್ತದೆ. ಇವೆರಡೂ ಅರಬರ ಮರುಭೂಮಿಯ ಬೆಳೆಗಳೆಂದು ನಂಬಿದವರು ನಮ್ಮಲ್ಲಿದ್ದಾರೆ. ಒಂದು ಪ್ರವಾದಿ(ಸ)ಯವರು ಸೇವಿಸಿದ ಹಣ್ಣು. ಇನ್ನೊಂದಾದ ಮೆಕ್ಕೆಜೋಳದ ಹೆಸರಿನಲ್ಲಿಯೇ ಮಕ್ಕಾ ಇದೆಯಲ್ಲವೇ ಎಂಬುದು ಅವರ ವಾದ. ಇದರಲ್ಲಿ ನಿಜವೆಷ್ಟೆಂದು ಇತಿಹಾಸದ ಬೆಳಕಿನಲ್ಲಿ ನೋಡೋಣ.

ಕಲ್ಲಂಗಡಿಯ ತವರು ಆಫ್ರಿಕಾ. ಸುಮಾರು 3,300 ವರ್ಷಗಳ ಹಿಂದೆ ತೀರಿಕೊಂಡ ಈಜಿಪ್ಟಿನ ದೊರೆ ತುತಾಂಖಾಮನ್‌ನ ಸಮಾಧಿಯಲ್ಲಿ ಇದರ ಬೀಜಗಳು ದೊರೆತಿವೆ. ಮಳಲು ಮಿಶ್ರಿತ ನೆಲ, ಬಿಸಿಲು ಮತ್ತು ಒಣಗಾಳಿ ಈ ಬಳ್ಳಿಗೆ ಒಗ್ಗುತ್ತವೆ. ಆದ್ದರಿಂದಲೇ ಓಯಸಿಸ್‌ಗಳ ಬಳಿಯೂ ಕಣಿವೆಗಳ ತೇವದಲ್ಲಿಯೂ ಮರುಭೂಮಿಯ ಜನ ಇದನ್ನು ಬೆಳೆದರು. ನೀರು ವಿರಳವಾದ ನಾಡಿನಲ್ಲಿ ಅದು ಆಹಾರವೂ ಆಯಿತು, ದಾಹ ತಣಿಸುವ ಪಾನೀಯವೂ ಆಯಿತು. ಪ್ರವಾದಿ(ಸ)ಯವರು ಖರ್ಜೂರದೊಂದಿಗೆ ‘ಬಿತ್ತೀಖ್’ ಸೇವಿಸುತ್ತಿದ್ದರು, ಒಂದರ ಉಷ್ಣವನ್ನು ಇನ್ನೊಂದರ ತಂಪಿನಿಂದ ಸರಿದೂಗಿಸುತ್ತಿದ್ದರು ಎಂದು ಹಝ್ರತ್ ಆಯಿಶಾ(ರ)ರವರ ವರದಿ ಅಬೂದಾವೂದ್ ಸಂಗ್ರಹದಲ್ಲಿದೆ. ಬಿತ್ತೀಖ್ ಎಂಬ ಪದವು ಕಲ್ಲಂಗಡಿ, ಕರಬೂಜ ಎರಡಕ್ಕೂ ಸಲ್ಲುತ್ತದೆ.

ಮೆಕ್ಕೆಜೋಳದ ಕಥೆ ಬೇರೆ. ಅದರ ತವರು ಮೆಕ್ಸಿಕೋ. 1492ರಲ್ಲಿ ಕೊಲಂಬಸ್ ಅಮೆರಿಕವನ್ನು ತಲುಪುವ ಮೊದಲು ಅರಬರಾಗಲಿ ನಮ್ಮ ಪೂರ್ವಜರಾಗಲಿ ಅದನ್ನು ಬೆಳೆದವರಲ್ಲ. ಭಾರತಕ್ಕೆ ಅದನ್ನು ತಂದವರು ಪೋರ್ಚುಗೀಸರೆಂಬುದು ಪ್ರಚಲಿತ ಅಭಿಪ್ರಾಯ. ಅವರು 1510ರಲ್ಲಿ ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನು ಕಿತ್ತುಕೊಂಡಿದ್ದರು. ಗೋವೆ ಮತ್ತು ಬಿಜಾಪುರದ ನಡುವಿನ ದಾರಿಯಲ್ಲಿ ನಮ್ಮ ಅಥಣಿ ದೊಡ್ಡ ವ್ಯಾಪಾರ ಕೇಂದ್ರವಾಗಿತ್ತು. ‘ಗೋವಿನಜೋಳ’ದಲ್ಲಿ ಕೆಲವರು ಗೋವೆಯನ್ನೂ ಕೆಲವರು ಗೋವನ್ನೂ ಕಾಣುತ್ತಾರೆ. ದೂರದಿಂದ ಬಂದ ವಸ್ತುವಿಗೆ ತಾವು ಬಲ್ಲ ದೂರದ ನಾಡಿನ ಹೆಸರಿಡುವುದು ಜನರ ರೂಢಿ. ಇದೇ ಕಾಳನ್ನು ಇಟಲಿಯವರು ತುರ್ಕಿಯ ಧಾನ್ಯವೆನ್ನುತ್ತಾರೆ. ತುರ್ಕರು ‘ಮಿಸಿರ್’, ಅಂದರೆ ಈಜಿಪ್ಟ್ ಎನ್ನುತ್ತಾರೆ! ಹೆಸರಿನ ಬಲದಿಂದ ಕಾಳಿಗೆ ಪಾವಿತ್ರ್ಯ ಬರುವುದಿಲ್ಲ.

ಹಾಗಾದರೆ ಬರಕತ್ ಎಲ್ಲಿದೆ? ಪವಿತ್ರ ಕುರ್‌ಆನಿನ ಅಲ್-ಅನ್‌ಆಮ್ ಅಧ್ಯಾಯದ 141ನೇ ಸೂಕ್ತವು ಫಲ ಬಿಟ್ಟಾಗ ಉಣ್ಣಲು, ಕೊಯ್ಲಿನ ದಿನ ಅದರ ಹಕ್ಕನ್ನು ಸಲ್ಲಿಸಲು, ದುಂದು ಮಾಡದಿರಲು ಆದೇಶಿಸುತ್ತದೆ. ಮಳೆಯಿಂದ ಬೆಳೆದುದರಲ್ಲಿ ಹತ್ತನೇ ಒಂದು ಪಾಲು, ನೀರೆತ್ತಿ ಹಾಯಿಸಿ ಬೆಳೆದುದರಲ್ಲಿ ಇಪ್ಪತ್ತನೇ ಒಂದು ಪಾಲು ಎಂದು ಹದೀಸ್ ವಿವರಿಸುತ್ತದೆ. ಅಥಣಿಯ ಮಳೆಯಾಶ್ರಿತ ಹೊಲಕ್ಕೂ ಕೃಷ್ಣೆಯಿಂದ ಪಂಪ್‌ಸೆಟ್ಟಿನಲ್ಲಿ ನೀರೆತ್ತುವ ಹೊಲಕ್ಕೂ ಇರುವ ವ್ಯತ್ಯಾಸ ಇದೇ. ರೈತನ ಖರ್ಚು ಮತ್ತು ಶ್ರಮವನ್ನು ಶರೀಅತ್ ಎಷ್ಟು ಸೂಕ್ಷ್ಮವಾಗಿ ಗಮನಿಸಿದೆ! ಇಮಾಮ್ ಅಬೂಹನೀಫಾ(ರಹ್)ರವರ ಪ್ರಕಾರ ಕಲ್ಲಂಗಡಿಯಂತಹ ಹಣ್ಣಿಗೂ ಉಶ್ರ್ ಇದೆ. ಇಮಾಮ್ ಶಾಫಿಈ(ರಹ್)ರವರ ಪ್ರಕಾರ ಕೆಡದಂತೆ ಕೂಡಿಡಬಹುದಾದ ಆಹಾರಧಾನ್ಯಕ್ಕೆ ಅದು ಅನ್ವಯಿಸುತ್ತದೆ. ತಮ್ಮ ಜಮೀನಿನ ಬಗ್ಗೆ ತಮ್ಮ ಮದ್‌ಹಬಿನ ಉಲಮಾರನ್ನು ಕೇಳಿಕೊಳ್ಳುವುದು ಲೇಸು.

ಲಾರಿ ತುಂಬಿ ಪೇಟೆಗೆ ಹೋದ ಫಸಲಿನ ಲೆಕ್ಕ ನಮಗೆ ನೆನಪಿರುತ್ತದೆ. ಬಡವನ ಪಾಲಿನ ಲೆಕ್ಕ ಮರೆತುಹೋಗುತ್ತದೆ. ಮುಂದಿನ ಕೊಯ್ಲಿನ ದಿನ ಮಕ್ಕಳ ಎದುರಿನಲ್ಲಿಯೇ ಆ ಪಾಲನ್ನು ಬೇರೆ ತೆಗೆದಿಡೋಣ. ಅಲ್ಲಾಹನು ನಮ್ಮ ಹೊಲಗಳಲ್ಲಿ ಬರಕತ್ ನೀಡಲಿ. ಆಮೀನ್.