ದೇಹಶುದ್ಧಿ ಚಿಕಿತ್ಸೆ: ವಿಧಾನಗಳು ಮತ್ತು ಮುನ್ನೆಚ್ಚರಿಕೆಗಳು

ಆಯುರ್ವೇದ ಹಾಗೂ ಪ್ರಕೃತಿ ಚಿಕಿತ್ಸಾ ಪದ್ಧತಿಗಳಲ್ಲಿ ದೇಹಶುದ್ಧಿಯ ಕ್ರಮಗಳು ವಿವರವಾಗಿ ನಿರೂಪಿತವಾಗಿವೆ. ಈ ಚಿಕಿತ್ಸೆಗಳನ್ನು ಪಡೆಯಲಿಚ್ಛಿಸುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಸ್ವಾಭಾವಿಕ ಶುದ್ಧಿ

ದೇಹದ ತ್ಯಾಜ್ಯವನ್ನು ಯಕೃತ್ತು, ಮೂತ್ರಪಿಂಡ, ಶ್ವಾಸಕೋಶ ಹಾಗೂ ಕರುಳುಗಳು ನಿರಂತರವಾಗಿ ಹೊರಹಾಕುತ್ತವೆ. ಆರೋಗ್ಯವಂತ ವಯಸ್ಕರ ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಶೋಧಿಸುತ್ತವೆ. ಸಾಕಷ್ಟು ನೀರು, ಸೊಪ್ಪು, ಹಣ್ಣು, ನಾರಿನಂಶವುಳ್ಳ ಆಹಾರ, ನಡಿಗೆ ಮತ್ತು ನಿದ್ರೆ ಈ ಕಾರ್ಯಕ್ಕೆ ನೆರವಾಗುತ್ತವೆ. ಮದ್ಯ ಹಾಗೂ ತಂಬಾಕನ್ನು ವರ್ಜಿಸುವುದು ಅತ್ಯವಶ್ಯಕ. ಆರೋಗ್ಯವಂತರು ಇದಕ್ಕಾಗಿ ದುಬಾರಿ ಪುಡಿ ಅಥವಾ ಪಾನೀಯಗಳನ್ನು ಕೊಳ್ಳುವ ಅಗತ್ಯವಿರುವುದಿಲ್ಲ.

2. ಪಂಚಕರ್ಮ

ವಮನ, ವಿರೇಚನ, ಬಸ್ತಿ, ನಸ್ಯ ಹಾಗೂ ರಕ್ತಮೋಕ್ಷಣ ಎಂಬ ಐದು ಕ್ರಮಗಳನ್ನು ರೂಢಿಯಲ್ಲಿ ಪಂಚಕರ್ಮವೆನ್ನಲಾಗುತ್ತದೆ. ಇವುಗಳಿಗೆ ಮುನ್ನ ಸ್ನೇಹನ, ಸ್ವೇದನಗಳನ್ನು ನೆರವೇರಿಸಲಾಗುತ್ತದೆ. ವಮನ, ವಿರೇಚನಗಳ ನಂತರ ಗಂಜಿಯಿಂದ ಆರಂಭಿಸಿ ಕ್ರಮೇಣ ಸಾಮಾನ್ಯ ಆಹಾರಕ್ಕೆ ಮರಳತಕ್ಕದ್ದು. ಇವುಗಳನ್ನು ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಪಡೆಯತಕ್ಕದ್ದು. ಮನೆಯಲ್ಲಿ ಸ್ವತಃ ಭೇದಿ ಅಥವಾ ವಾಂತಿ ಮಾಡಿಸಿಕೊಳ್ಳುವುದರಿಂದ ನಿರ್ಜಲೀಕರಣ ಉಂಟಾಗಬಹುದು.

3. ಮುನ್ನೆಚ್ಚರಿಕೆಗಳು

(ಅ) ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮಕ್ಕಳು, ವೃದ್ಧರು ಹಾಗೂ ಹೃದ್ರೋಗಿಗಳು ವೈದ್ಯರ ಸಲಹೆಯಿಲ್ಲದೆ ಉಪವಾಸ ಅಥವಾ ಶೋಧನ ಚಿಕಿತ್ಸೆಯನ್ನು ಕೈಗೊಳ್ಳಬಾರದು.

(ಆ) ಇನ್ಸುಲಿನ್ ಅಥವಾ ಮಾತ್ರೆ ಸೇವಿಸುವ ಮಧುಮೇಹಿಗಳು ಉಪವಾಸ ಮಾಡಿದಲ್ಲಿ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ನಿತ್ಯದ ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು.

(ಇ) ಮೂತ್ರಪಿಂಡದ ತೊಂದರೆಯುಳ್ಳವರು ಧಾರೆಹುಳಿ ಹಣ್ಣನ್ನಾಗಲಿ ಅದರ ರಸವನ್ನಾಗಲಿ ಸೇವಿಸಬಾರದು.

(ಈ) ಕಹಿಯಾದ ಸೋರೆಕಾಯಿಯ ರಸವನ್ನು ಎಂದಿಗೂ ಕುಡಿಯಬಾರದು. ಅದರಲ್ಲಿನ ಕುಕುರ್ಬಿಟಾಸಿನ್ ಎಂಬ ವಿಷಾಂಶದಿಂದ ರಕ್ತವಾಂತಿಯಾಗಿ ಪ್ರಾಣಾಪಾಯ ಒದಗಬಹುದು. ಮೊದಲು ಚಿಕ್ಕ ತುಂಡಿನ ರುಚಿ ನೋಡಿ, ಕಹಿಯಿದ್ದಲ್ಲಿ ಉಗುಳಿ, ಕಾಯಿಯನ್ನು ಎಸೆಯತಕ್ಕದ್ದು. ರಸ ಕುಡಿದ ನಂತರ ವಾಂತಿ, ಭೇದಿ, ಹೊಟ್ಟೆನೋವು ಕಂಡುಬಂದಲ್ಲಿ ತಕ್ಷಣ ಆಸ್ಪತ್ರೆಗೆ ತೆರಳಬೇಕು.

(ಉ) ಔಷಧಿ ಕೊಳ್ಳುವಾಗ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಹಾಗೂ ಅವಧಿ ಮುಗಿಯುವ ದಿನಾಂಕವನ್ನು ಪರಿಶೀಲಿಸತಕ್ಕದ್ದು. ಪಾದರಸ, ಸೀಸ, ಪಾಷಾಣಯುಕ್ತ ಔಷಧಿಗಳನ್ನು ಸ್ವಯಂ ಸೇವಿಸಬಾರದು.

4. ವಿಷಪ್ರಾಶನ

ದೇಹಶುದ್ಧಿ ಕ್ರಮಗಳು ವಿಷಪ್ರಾಶನಕ್ಕೆ ಅಥವಾ ಹಾವು ಕಡಿತಕ್ಕೆ ಚಿಕಿತ್ಸೆಯಲ್ಲ. ಕೀಟನಾಶಕ, ಸೀಮೆಎಣ್ಣೆ, ಆಮ್ಲ ಇತ್ಯಾದಿಗಳನ್ನು ಸೇವಿಸಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಕೂಡಲೇ 108 ಸಂಖ್ಯೆಗೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಸಾಗಿಸಬೇಕು. ವಿಷದ ಡಬ್ಬಿ ಅಥವಾ ಸೀಸೆಯನ್ನು ಜೊತೆಯಲ್ಲಿ ಒಯ್ಯುವುದು.

5. ಚಿಕಿತ್ಸೆಗೆ ಬರುವವರ ಗಮನಕ್ಕೆ

ಸರ್ಕಾರಿ ಆಯುರ್ವೇದ ಅಥವಾ ಪ್ರಕೃತಿ ಚಿಕಿತ್ಸಾ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಮೊದಲು ತಪಾಸಣೆಗೆ ಒಳಗಾಗತಕ್ಕದ್ದು. ಹಿಂದಿನ ಔಷಧ ಚೀಟಿ, ಪರೀಕ್ಷಾ ವರದಿಗಳು ಹಾಗೂ ಸೇವಿಸುತ್ತಿರುವ ಎಲ್ಲ ಔಷಧಿಗಳ ವಿವರವನ್ನು ತರುವುದು. ಯಾವುದೇ ರೋಗವನ್ನು ವೈದ್ಯರಿಂದ ಮರೆಮಾಚಬಾರದೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.