ಬರೆ: ಮಕ್ಕಳ ಸುಟ್ಟಗಾಯದಲ್ಲಿ ಸೋಂಕು, ಹಿಂಸೆಗಳ ಪತ್ತೆ

ಕನ್ನಡದಲ್ಲಿ ‘ಬರೆ’ ಎಂಬ ಒಂದೇ ಮಾತು ಮದ್ದಿಗೂ ಶಿಕ್ಷೆಗೂ ಸಲ್ಲುತ್ತದೆ. ಕಾಮಣಿಯಾದ, ಹೊಟ್ಟೆ ಉಬ್ಬಿದ ಹಸುಗೂಸಿಗೆ ಕಾಯಿಸಿದ ಕಬ್ಬಿಣದಿಂದ ಬರೆ ಎಳೆಸುವ ರೂಢಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಳೆಯದು. ಹಟ ಮಾಡಿದ ಮಗುವಿಗೆ ಸೌಟು ಕಾಯಿಸಿ ಇಟ್ಟರೆ ಅದೂ ಬರೆಯೇ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಇದರ ಜೊತೆಗೆ ದುಡಿಮೆಯ ಬೆಂಕಿಯೂ ಇದೆ: ಗಾಣದ ಮನೆಯಲ್ಲಿ ಕುದಿಯುವ ಬೆಲ್ಲದ ಪಾಕ, ನೇಕಾರರ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವ ಬಿಸಿನೀರು. ಹಾಗಾಗಿ ಇಲ್ಲಿನ ವೈದ್ಯರು ಗಾಯದ ಆಕಾರವನ್ನೇ ಓದಬೇಕಾಗುತ್ತದೆ.

ಆ ಓದು ಶಾಸ್ತ್ರವಾದದ್ದು 20ನೆಯ ಶತಮಾನದಲ್ಲಿ. ಲಂಡ್ ಮತ್ತು ಬ್ರೌಡರ್ 1944ರಲ್ಲಿ ವಯಸ್ಸಿಗೆ ತಕ್ಕಂತೆ ಸುಟ್ಟ ಭಾಗ ಅಳೆಯುವ ನಕ್ಷೆ ಕೊಟ್ಟರು. ಕೂಸಿನ ತಲೆಯೊಂದೇ ಮೈಯ ಸುಮಾರು ಶೇ. 19ರಷ್ಟಾಗುತ್ತದೆ. 60 ಡಿಗ್ರಿ ಸೆಲ್ಸಿಯಸ್ ಬಿಸಿ ದೊಡ್ಡವರ ಚರ್ಮವನ್ನು 5 ಸೆಕೆಂಡಿನಲ್ಲಿ, 49 ಡಿಗ್ರಿ ಹಲವು ನಿಮಿಷಗಳಲ್ಲಿ ಸುಡುತ್ತದೆಂದು ಮೊರಿಟ್ಜ್ ಮತ್ತು ಹೆನ್ರಿಕ್ಸ್ 1947ರಲ್ಲಿ ತೋರಿಸಿದರು. ಮನೆಯವರ ಮಾತನ್ನು ಒರೆಗೆ ಹಚ್ಚಲು ಅದೊಂದು ಅಳತೆಗೋಲಾಯಿತು. 1962ರಲ್ಲಿ ಹೆನ್ರಿ ಕೆಂಪೆ ಮತ್ತು ಸಂಗಡಿಗರು ಪೆಟ್ಟು ತಿಂದ ಮಕ್ಕಳ ಬಗ್ಗೆ ಬರೆದ ಲೇಖನದ ನಂತರ, ಹೆತ್ತವರ ಕೈಯಿಂದಲೇ ಗಾಯವಾಗಬಹುದೆಂಬುದನ್ನು ಆಸ್ಪತ್ರೆಗಳು ಒಪ್ಪಿಕೊಂಡವು.

ಮಗು ಚಹಾದ ಪಾತ್ರೆ ಎಳೆದುಕೊಂಡರೆ ಮುಖ, ಎದೆಯ ಮೇಲೆ ಸುರಿದು, ಕೆಳಗಿಳಿಯುತ್ತ ಸಣ್ಣದಾಗುವ ಗಾಯ, ಸುತ್ತ ಸಿಡಿದ ಹನಿಗಳು. ಬಿಸಿನೀರಿನಲ್ಲಿ ಒತ್ತಿ ಹಿಡಿದರೆ ಎರಡೂ ಕಾಲಿಗೆ ಕಾಲುಚೀಲ ಹಾಕಿದಂತೆ ಒಂದೇ ಮಟ್ಟದ ಗೆರೆ, ಸಿಡಿತವಿಲ್ಲ. ಬೀಡಿ, ಸಿಗರೇಟಿನ ಸುಟ್ಟ ಗುರುತು ದುಂಡಗೆ, ಅಂಚು ಕೊರೆದಂತೆ. ಆದರೆ ಇಂಪಟೈಗೋ ಎಂಬ ಚರ್ಮದ ಸೋಂಕೂ, ಕೇರು ಬೀಜದ ರಸ ಎಬ್ಬಿಸುವ ಬೊಬ್ಬೆಯೂ ಹಾಗೆಯೇ ಕಾಣಬಹುದು. ತಪ್ಪು ಗುಮಾನಿ ಒಂದು ಮನೆಯನ್ನೇ ಮುರಿಯುತ್ತದೆ. ಈ ಎಚ್ಚರ ವೈದ್ಯಕೀಯ ಪಠ್ಯಗಳಲ್ಲಿ ಇನ್ನೂ ದಪ್ಪಕ್ಷರದಲ್ಲಿ ಇರಬೇಕಿತ್ತು.

ಸೋಂಕಿನ ಪತ್ತೆ ಇನ್ನೂ ನವಿರು. ಸುಟ್ಟ ಮಗುವಿಗೆ ಮೊದಲ ದಿನಗಳಲ್ಲಿ ಸೋಂಕಿಲ್ಲದೆಯೂ ಜ್ವರ ಬರುತ್ತದೆ. ಕೆಂಪು ಸುತ್ತ ಹಬ್ಬುವುದು, ಹಸಿರು ಕೀವು, ಕೆಟ್ಟ ವಾಸನೆ, ಮೇಲುಗಾಯ ಆಳವಾಗುವುದು, ಮಗು ಹಾಲು ಬಿಡುವುದು: ಇವು ಅಪಾಯದ ಗುರುತು. 1978ರಲ್ಲಿ ವೈದ್ಯ ಟಾಡ್ ಮಕ್ಕಳಲ್ಲಿ ಗುರುತಿಸಿದ ಟಾಕ್ಸಿಕ್ ಶಾಕ್ ಎಂಬ ಸೋಂಕಿನ ನಂಜು ಚಿಕ್ಕ ಗಾಯದಿಂದಲೂ ಬರುತ್ತದೆ. ಜ್ವರ, ದದ್ದು, ವಾಂತಿ, ಭೇದಿಯಾಗಿ ಕೆಲವೇ ತಾಸಿನಲ್ಲಿ ಜೀವಕ್ಕೆ ಕುತ್ತು. ಮದ್ದೆಂದು ಎಳೆದ ಬರೆಯೂ ನವಜಾತ ಶಿಶುವಿಗೆ ರಕ್ತದ ನಂಜು ತರಬಲ್ಲದು.

2015ರ ಬಾಲನ್ಯಾಯ ಕಾಯ್ದೆಯ 75ನೆಯ ಕಲಂ ಮಕ್ಕಳ ಮೇಲಿನ ಕ್ರೌರ್ಯವನ್ನು ಅಪರಾಧವೆನ್ನುತ್ತದೆ; ಮಕ್ಕಳ ಸಹಾಯವಾಣಿ 1098. ಅದಕ್ಕೂ ಮೊದಲಿನ ಕೆಲಸ ಡ್ರೆಸ್ಸಿಂಗ್ ಕೋಣೆಯದು. ಅರಿಸಿನ, ಶಾಯಿ, ಟೂತ್‌ಪೇಸ್ಟ್ ಮೆತ್ತಿಸಿಕೊಂಡು ಬಂದ ಗಾಯವನ್ನು ತೊಳೆದು, ಮುಲಾಮು ಹಚ್ಚುವ ಮುನ್ನ ಅದರ ಚಿತ್ರ ಬರೆದಿಡಬೇಕು. ಆ ಲೇಪದ ಅಡಿಯಲ್ಲಿ ಕೀವೂ ಅಡಗಿರುತ್ತದೆ, ಸೌಟಿನ ಅಂಚೂ.